ಬಡಗು ಮಗ್ಗುಲು

ಸೈಕಲ್ ಕಡ್ಡಿ ಬಗ್ಗಿಸಿ ಮಾಡಿದ ಚೌಕಟ್ಟು,
ಒಳಗೆ ಮೀನುಬಲೆಯ ದಾರ ಬಿಗಿದು ನೂರು ಮನೆ.
ಅದನ್ನು ಮರಕ್ಕೆ ಒತ್ತಿ ಹಿಡಿಯುವುದು ನನ್ನ ಕೆಲಸ,
ಎಣಿಸುವುದು ಫರ್ಜಾನಾ ಮೇಡಂ ಕೆಲಸ.

ಮೊದಲ ವಾರ ವೀರನಹೊಸಳ್ಳಿ ಗೇಟಿನಾಚೆ.
ಅಲ್ಲಿ ಮತ್ತಿಮರಗಳಿಗೆ ಗಡ್ಡ ಬಂದಿತ್ತು,
ಬೂದುಹಸಿರು ಎಳೆ, ನಾವು ಉಸಿರು ಬಿಟ್ಟರೂ ಅಲುಗುವಂಥದು.
ಮೇಡಂ ಒಂದೊಂದಕ್ಕೂ ಮೂರು ಮಾರುದ್ದದ ಹೆಸರು ಹೇಳುವರು,
ನನ್ನ ಕಾಗುಣಿತ ಸೋತು
ಒಂದು ಮರಕ್ಕೇ ಪುಟ ಮುಗಿಯುವುದು.

ಹುಣಸೂರು ದಾಟಿದೆವು. ಮರಗಳು ಗಡ್ಡ ಬೋಳಿಸಿಕೊಂಡಿದ್ದವು.
ಹಪ್ಪಳದ ಅಂಚಿನ ಹಾಗೆ ಮುದುರಿದ ಎಲೆಯಂಥದು ಮಾತ್ರ ಉಳಿದಿತ್ತು.
ಇಲವಾಲದ ಹೊತ್ತಿಗೆ ಅದೂ ಇಲ್ಲ:
ಮಾವಿನ ತೊಗಟೆಗೆ ಬಿಳಿ ಮಚ್ಚೆ,
ನಮ್ಮತ್ತೆ ಮುಂಗೈಯ ತೊನ್ನಿನ ಹಾಗೆ
ಯಾರೂ ನೋಡದಾಗ ಅಂಚು ಸರಿಸುವಂಥದು.
ಉಗುರಿಂದ ಕೆರೆದೆ. ಬರಲಿಲ್ಲ.
“ಮಳೆ ಕಡಿಮೆಯಾದಷ್ಟೂ ಮರವನ್ನ ಬಿಗಿಯಾಗಿ ತಬ್ಕೊಳ್ಳುತ್ತೆ ಜವರಣ್ಣ...
ಇದನ್ನ ಬರ್ಕೋಬೇಡಿ, ಥೀಸಿಸ್ಸಿಗಲ್ಲ.”

ಅದು ಒಂದು ಜೀವವಲ್ಲವಂತೆ, ಎರಡು.
ಬೂಸ್ಟು ಮನೆ ಕಟ್ಟುತ್ತದೆ,
ಪಾಚಿ ಒಳಗೆ ಕೂತು ಬಿಸಿಲಲ್ಲಿ ಅಡುಗೆ ಮಾಡುತ್ತದೆ.
ಚೆನ್ನಾಗಿದ್ದಾರಾ ಇಬ್ಬರೂ? ಕೇಳಿದೆ.
“ಸಂಸಾರ ಅಂತಾರೆ ಕೆಲವರು,” ಮೇಡಂ ಲೆನ್ಸ್ ಒರೆಸಿದರು,
“ಜೀತ ಅಂತಾರೆ ಇನ್ನು ಕೆಲವರು.”

ಶನಿವಾರ ದೇವರಾಜ ಮಾರ್ಕೆಟ್ಟಿನಲ್ಲಿ
ಬಾಡೂಟದ ಮಸಾಲೆಗೆಂದು ಐವತ್ತು ಗ್ರಾಂ ಕಲ್ಲುಹೂವು ಕೊಂಡೆ.
ಕಲ್ಲಿನದಲ್ಲ, ಹೂವೂ ಅಲ್ಲ, ಈಗ ಗೊತ್ತು ನನಗೆ.
ತಕ್ಕಡಿಯಲ್ಲಿ ಯಾವುದೋ ಕಾಡಿನ ಹದಿನೈದು ವರ್ಷ,
ಅದರ ಮೇಲೆ ಕೊಸರಿಗೆ ಇನ್ನೊಂದು ಚಿಟಿಕೆ.
ಊಟ ಮಾತ್ರ ಚೆನ್ನಾಗಿತ್ತು. ಸುಳ್ಳು ಹೇಳಲಾರೆ.

ಕೊನೆಗೆ ಮೈಸೂರು, ಕುಕ್ಕರಹಳ್ಳಿ ಕೆರೆ ಹತ್ತಿರದ ಮಳೆಮರ.
ರಸ್ತೆ ಕಡೆ ಚೌಕಟ್ಟು ಇಟ್ಟೆ: ಮಸಿ. ನೂರು ಮನೆಯೂ ಖಾಲಿ.
ಬಡಗು ಮಗ್ಗುಲಿಗೆ ಹೋದೆವು.
ಯಾವುದೋ ಕಾಲದ ಮರಗಣತಿಯ ನಂಬರು ಅಲ್ಲಿ, ೨೧೭,
ಏಳನ್ನು ಬಹುಪಾಲು ತಿಂದು ಕೂತಿತ್ತು ಒಂದು ಬೂದಿ ಮಚ್ಚೆ.
ಮೇಡಂ ಪಿಚಕಾರಿಯಿಂದ ನೀರು ಹನಿಸಿದರು,
ನೋಡುತ್ತಿದ್ದಂತೆ ಹಸಿರಾಯಿತು,
ಕರೆದಾಗ ಓಗೊಟ್ಟ ಹಾಗೆ.
ವರ್ಷಕ್ಕೆ ಅರ್ಧ ಅಕ್ಕಿಕಾಳಿನಷ್ಟು ನಡೆಯುತ್ತದಂತೆ.
ಹಾಗಾದರೆ ಈ ಏಳಿನ ಬಾಲಕ್ಕೆ ಎಷ್ಟು ವರ್ಷ?
ಬೆರಳು ಮಡಿಸುತ್ತಿದ್ದೆ.

ಆಗ ಬಂದ, ಕೈಯಲ್ಲಿ ಪಟ್ಟಿ, ಕಂಕುಳಲ್ಲಿ ಕೆಂಪು ಬಣ್ಣದ ಡಬ್ಬಿ,
ಕಾರ್ಪೊರೇಷನ್ನಿನ ಹುಡುಗ.
ರಸ್ತೆ ಅಗಲ ಆಗುತ್ತದಂತೆ.
“ಇನ್ನೂರ ಹದಿನೇಳು ಇದೇನಾ ಸಾರ್?”
ಮೇಡಂ ನನ್ನ ನೋಡಿದರು.
ಇಪ್ಪತ್ತೊಂದು ಕಾಣಿಸ್ತದೆ, ಅಂದೆ. ಅದು ನಿಜವೇ.
ಅವನು ಪಟ್ಟಿ ನೋಡಿದ, ಮರ ನೋಡಿದ,
ನೆರಳಲ್ಲಿ ಡಬ್ಬಿ ಇಟ್ಟು ಕೂತ.

ನಾನು ಚೌಕಟ್ಟನ್ನು ಆ ಮಚ್ಚೆಯ ಮೇಲೇ ಒತ್ತಿ ಹಿಡಿದೆ.
ರಟ್ಟೆ ನೋಯುತ್ತಿತ್ತು.
ಎಣಿಸಿ ಮೇಡಂ,
ನಿಧಾನಕ್ಕೆ ಎಣಿಸಿ.