ಎರಡು ಬಗೆಯ ಚೀಲ

ನಮ್ಮ ಫ್ರೀಜರಿನಲ್ಲಿ ಚೀಲ ಎರಡು ಬಗೆ:
ಚೀಟಿ ಕಟ್ಟಿದ್ದು ಹಡಗಿಗೆ,
ಕಟ್ಟದ್ದು ಒಲೆಗೆ.
ಒಮ್ಮೆ ಕತ್ತಲಲ್ಲಿ ಅದಲುಬದಲಾಗಿ
ಸಿಗ್ನೆಗೆಂದು ಇಟ್ಟ ಸೀಲಿನ ಈಲಿ ಬೇಯಿಸಿಬಿಟ್ಟೆ.
ಯಾರಿಗೂ ಏನೂ ಆಗಲಿಲ್ಲ,
ರುಚಿಯಾಗಿಯೇ ಇತ್ತು.

ಕರಡಿ ಬಿದ್ದ ದಿನ ಅಕ್ಕಲುಕ್
ಚಾಕುವನ್ನು ಅವಳ ಸ್ಪಿರಿಟ್ಟಿನಲ್ಲಿ ತೊಳೆಯುತ್ತಾನೆ,
ನಗುತ್ತಾನೆ: ಸತ್ತದ್ದಕ್ಕೆ ಎಂಥ ಮಡಿ!
ಒಂದು ಹಲ್ಲು, ಬೆಂಕಿಪೊಟ್ಟಣದಷ್ಟು ಕೊಬ್ಬು.
ಹಲ್ಲು ಸೀಳಿದರೆ ಮರದ ಹಾಗೆ ಸುತ್ತು ಕಾಣುತ್ತವಂತೆ,
ಸುತ್ತಿಗೊಂದು ವರ್ಷ.
ಗ್ರೀನ್‌ಲ್ಯಾಂಡಿನ ಈ ದಂಡೆಯಲ್ಲಿ ಮರವೇ ಇಲ್ಲ.
ನಂಬಿದೆವು.

ಎರಡು ಚಳಿಗಾಲ ಕಳೆದು ಕಾಗದ ಬಂತು.
ಪಾದರಸ ಇಷ್ಟು.
ನಾಲಿಗೆ ಹೊರಳದ ಹೆಸರಿನವು ಇನ್ನಾರು,
ಯಾವ ದೇಶದ ಚಿಮಣಿಯದೋ, ಯಾರ ಮನೆಯ ಸೋಫಾದ್ದೋ.
ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರಲ್ಲ,
ಉಪ್ಪನ್ನು ನಾವು ಕಂಡೇ ಇಲ್ಲ.

ಬಸುರಿಯರು ಕೊಬ್ಬು ಕಡಿಮೆ ಮಾಡಲಿ, ಎಂದಿದೆ ಕೊನೆಯ ಸಾಲು.
ಪಿಪಾಲುಕ್‌ಗೆ ಏಳು ತಿಂಗಳು.
ಅಂಗಡಿಯ ಕೋಳಿಯನ್ನು ತಟ್ಟೆಯ ಅಂಚಿಗೆ ಸರಿಸಿ
ನನ್ನ ಪಾತ್ರೆಯತ್ತ ನೋಡುತ್ತಾಳೆ.
ಸೌಟು ನನ್ನ ಕೈಯಲ್ಲಿ.

ನಿನ್ನೆ ಸಿಗ್ನೆ ಫೋನು ಮಾಡಿದ್ದಳು. ಸಂಕೋಚ ಅವಳಿಗೆ,
ಮೂರು ಸಲ ಹವಾಮಾನ ಕೇಳಿದಳು.
ಹೆರಿಗೆಯಾದ ಮೇಲೆ ಮಗಳ ಹಾಲು, ಒಂದೇ ಸೀಸೆ,
ಕೊಡಬಹುದೇ ಅಂತ.
ಕೊಡುತ್ತಾಳೆ, ಅಂದೆ.

ಡ್ರಾಯರಿನಲ್ಲಿ ಹಳೆಯ ಚೀಟಿಗಳಿದ್ದವು.
ಪೆನ್ಸಿಲ್ಲಿನಲ್ಲೇ ಬರೆಯಬೇಕು, ಶಾಯಿ ಚಳಿಗೆ ಬಿಡುತ್ತದೆ.
ದಿನಾಂಕ. ಗಂಡೋ ಹೆಣ್ಣೋ. ವಯಸ್ಸು.
ಮೊದಲ ಖಾನೆ, ಪ್ರಾಣಿ ಯಾವುದು ಅನ್ನುವುದು,
ಖಾಲಿ ಬಿಟ್ಟಿದ್ದೇನೆ.