ಎರಡು ‘ನಾವು’

ಗುರುವಾರ ಸಂಜೆ ಆರೂವರೆಗೆ ಬೀಗ ತೆಗೆಯುವುದು ನನ್ನ ಪಾಲಿನ ಸೇವೆ.
ಬಂದರಿನಲ್ಲಿ ದೋಣಿ ಎಂಜಿನು ಬಿಚ್ಚಿ ಕೂಡಿಸುವವನು ನಾನು,
ಸೀಮೆಎಣ್ಣೆಯಲ್ಲಿ ಎರಡು ಸಲ ತೊಳೆದರೂ
ಉಗುರಿನ ಸಂದಿಯ ಕಪ್ಪು ಹೋಗದು.
ಕಮಿಟಿಯಲ್ಲಿ ಕೇಳಿದರು, ಕೀಲಿಕೈ ಇಟ್ಟುಕೊಳ್ಳಲು ಯಾರಾದರೂ?
ಕೈಯೆತ್ತಿದೆ. ಕಲಿಯಲೆಂದು ಬಂದವನಲ್ಲ.
ದೃಢೀಕರಣವಾಗಿ ನಲವತ್ತು ವರ್ಷ;
ಅಂದು ಕಲಿತದ್ದರಲ್ಲಿ ಉಳಿದದ್ದು
ಹೊಸ ಬಿಳಿ ಅಂಗಿಯ ಗಂಜಿಯ ವಾಸನೆ.

ಜೆಪ್ಪುವಿನ ದೇವಾಲಯದ ಹಿಂದೆ ಸಂಡೆಸ್ಕೂಲಿನ ಕೋಣೆ,
ಬೆಂಚುಗಳು ಆರು ವರ್ಷದವರ ಅಳತೆಗೆ.
ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತದೆ.
ಗೋಡೆಯಲ್ಲಿ ನೋಹನ ನಾವೆ, ಕ್ರೇಯಾನಿನ ಜಿರಾಫೆ,
ಕಿಟಕಿಯಾಚೆ ಹೊಗೆ ಬಿಡದ ಹಂಚಿನ ಕಾರ್ಖಾನೆಯ ಚಿಮಿಣಿ.
ಇಲ್ಲಿ ನಾವು ಏಳು ಮಂದಿ ದೊಡ್ಡವರು
ನಂಬಿಕೆಯ ಮೊದಲ ಪಾಠಕ್ಕೆ ಮರಳಿದ್ದೇವೆ.

ಥಿಯೊಡೋರ ಅಮ್ಮನ್ನರು ಮೂವತ್ತೊಂದು ವರ್ಷ
ಹಸಿ ಹಂಚಿಗೆ ಮುದ್ರೆಯೊತ್ತಿದವರು;
ಈಗ ವಚನಗಳ ಕೆಳಗೆ ಪೆನ್ಸಿಲು ಒತ್ತುತ್ತಾರೆ, ಹಾಳೆ ಹರಿಯುವಷ್ಟು.
ದೊರ್ಕಸ್ ಸಿಸ್ಟರ್ ನೈಟ್ ಡ್ಯೂಟಿಗೆ ಮುಂಚೆ ಬರುತ್ತಾರೆ,
ಪ್ರಾರ್ಥಿಸೋಣ ಅಂದರೆ ಸಾಕು,
ಕಣ್ಣು ಮುಚ್ಚಿ ನಿಜಕ್ಕೂ ನಿದ್ದೆ ಹೋಗುತ್ತಾರೆ.
ಸುದತ್ತ ಸಾಲಿನ್ಸ್ ಬರುವುದು ವಾದ ಮಾಡಲಿಕ್ಕೇ.
ಗೋಳಿಬಜೆ ತರುವುದೂ ಅವನೇ, ಆದ್ದರಿಂದ ಯಾರೂ ಬೈಯುವುದಿಲ್ಲ.

ಕಳೆದ ವಾರದ ಪಾಠ, ಕರ್ತನು ಕಲಿಸಿದ ಪ್ರಾರ್ಥನೆ.
ಅಯ್ಯನವರು ಚಿಕ್ಕ ಪ್ರಾಯದವರು, ಗದಗದ ಕಡೆಯವರು.
ಬೋರ್ಡಿನ ಮೇಲೆ ‘ನಮ್ಮ ತಂದೆಯೇ’ ಎಂದು ಬರೆದು
‘ನಮ್ಮ’ ಅಂದ್ರ ಯಾರ್ರೀ? ಎಂದು ಕೇಳಿದರು.
ನಾವು ಅಂದರೆ ನಾವು. ಇದೇನು ಪ್ರಶ್ನೆ?

ಸುದತ್ತ ಎದ್ದ. ಅಯ್ಯನವರೇ, ನಿಮ್ಮ ಕನ್ನಡಕ್ಕೆ ಒಂದೇ ‘ನಾವು’.
ನಮ್ಮ ತುಳುವಿಗೆ ಎರಡುಂಟು.
‘ಎಂಕುಲು ಪೋಪ’ ಅಂದರೆ, ನಾವು ಹೋಗುತ್ತೇವೆ, ನೀನು ಇಲ್ಲೇ ಇರು.
‘ನಮ ಪೋಯಿ’ ಅಂದರೆ, ಬಾ ಮಾರಾಯ, ನಿನ್ನನ್ನೂ ಸೇರಿಸಿಯೇ ನಾವು.
ದೇವರ ಹತ್ತಿರ ಮಾತಾಡುವಾಗ ಯಾವುದು?

ಅಯ್ಯನವರ ಕೈಯಲ್ಲಿ ಸೀಮೆಸುಣ್ಣ ನಿಂತಿತು.
‘ಎಂಕ್ಲೆನ ಅಮ್ಮೆರೇ’ ಅಂತಲೇ ಅನ್ನಬೇಕು,
ಅಮ್ಮನ್ನರು ತೀರ್ಪು ಕೊಟ್ಟರು,
ಕೇಳಿಸಿಕೊಳ್ಳುವವನೇ ತಂದೆ, ಅವನು ತನಗೆ ತಾನೇ ಮಗನೋ?
ವ್ಯಾಕರಣ ಸರಿಯಾಗಿತ್ತು.
ನಟ್ಟಿಗೆ ಸ್ಪ್ಯಾನರು ಕೂತ ಹಾಗೆ ಕೂತಿತು. ನಾನೂ ತಲೆಯಾಡಿಸಿದೆ.

ಆಗ ಮೂಲೆಯಿಂದ ಯೂನಿಸಮ್ಮ.
ಎಪ್ಪತ್ತಮೂರು ವರ್ಷ, ಹೆರಿಗೆ ವಾರ್ಡಿನ ಆಯಾ ಆಗಿದ್ದವರು,
ಒಂದೂವರೆ ವರ್ಷದಲ್ಲಿ ಇಲ್ಲಿ ತುಟಿ ಬಿಚ್ಚಿದವರಲ್ಲ.
ನಾನು ಸಣ್ಣಂದಿನಿಂದ ‘ನಮ್ಮ ಅಮ್ಮೆರೇ’ ಅಂತಲೇ ಹೇಳಿದ್ದು, ಅಂದರು.
ತಪ್ಪುಂಟಾ?
ಕಲಿಸಿದವನೂ ಪಕ್ಕದಲ್ಲಿ ನಿಂತು ಹೇಳುತ್ತಾನೆ ಅಂತ ಎಣಿಸಿದ್ದೆ.
ಹೆರುವವಳಿಗೆ ಮುಕ್ಕು, ಮುಕ್ಕು ಅನ್ನುವಾಗ
ನಾನೂ ಮುಕ್ಕುತ್ತಿದ್ದೆ.
ನೋವು ನನ್ನದಲ್ಲ.
ಉಸಿರು ಮಾತ್ರ ಒಟ್ಟಿಗೇ ಕಟ್ಟುತ್ತಿತ್ತು.

ಫ್ಯಾನು ಕಿರುಗುಟ್ಟಿತು.
ದೊರ್ಕಸ್ ಸಿಸ್ಟರಿಗೆ ಎಚ್ಚರವಿತ್ತು.
ಅಯ್ಯನವರು ಬೋರ್ಡು ಒರೆಸಲಿಲ್ಲ, ಮುಂದೆ ಬರೆಯಲೂ ಇಲ್ಲ.
ಮುಂದಿನ ವಾರ ನೋಡೋಣ್ರೀ, ಎಂದರು.

ಎಲ್ಲರೂ ಹೋದ ಮೇಲೆ ಹಾಜರಿ ಪುಸ್ತಕದಲ್ಲಿ ಎಂಟು ಎಂದು ಬರೆದೆ.
ಹೊಡೆದು ಹಾಕಿ, ಏಳು ಎಂದು ತಿದ್ದಿದೆ. ಲೆಕ್ಕ ಲೆಕ್ಕವೇ.
ಪೇಪರಿನಲ್ಲಿ ಒಂದು ಗೋಳಿಬಜೆ ಉಳಿದಿತ್ತು.
ತಿಂದೆ. ತಣ್ಣಗಾಗಿತ್ತು.

ಮರುದಿನ ಬಂದರಿನಲ್ಲಿ, ದೋಣಿಯ ಹೊಟ್ಟೆಯೊಳಗೆ,
ತುಕ್ಕು ಹಿಡಿದ ಬೋಲ್ಟೊಂದು ಅಲುಗದೆ ನಿಂತಾಗ
ಮೇಲಿದ್ದ ಹುಡುಗನನ್ನು ಕೂಗಬೇಕಿತ್ತು. ಕೂಗಲಿಲ್ಲ.
‘ನಮ’ ಎಂದೆ, ಮೆಲ್ಲಗೆ,
ಡೀಸೆಲಿನ ಕತ್ತಲೆಗೆ ಮಾತ್ರ ಕೇಳುವಷ್ಟು.
ಬೋಲ್ಟು ಬಿಡಲಿಲ್ಲ.
ಇನ್ನೊಮ್ಮೆ, ಉಸಿರು ಕಟ್ಟಿ, ತಿರುಗಿಸಿದೆ.