ಬಿಡುವ ದರ

ಪೆಟ್ಟಿಗೆ ಇಪ್ಪತ್ತು ಮೈಕ್ರಾನ್. ಗೋಡೆ ಇಲ್ಲ.
ಬಲಕ್ಕೆ ದಾಟಿದ್ದು ಎಡದಿಂದ ಒಳಗೆ ಬರುತ್ತದೆ,
ಬೆಂಗ್ರೆಯಿಂದ ಬಂದರಕ್ಕೆ ಹೋದವರು
ಸಂಜೆ ಅದೇ ಫೆರಿಯಲ್ಲಿ ಮರಳುವ ಹಾಗೆ.

ಒಳಗೆ ಸಾವಿರ ಕಡ್ಡಿ,
ಒಂದು ಕೂದಲಿನ ಅಡ್ಡಗಲದಲ್ಲಿ
ಮೂರು ಸಾವಿರ ಹಿಡಿಸುವಂಥವು.
ಅವುಗಳ ಮೇಲೆ ನಡೆಯುವ ಮೋಟಾರು ಎರಡೂವರೆ ಸಾವಿರ.
ಒಂದು ಹೆಜ್ಜೆಗೆ ಎಂಟು ನ್ಯಾನೋಮೀಟರು,
ಒಂದು ಹೆಜ್ಜೆಗೆ ಒಂದು ತುತ್ತು.
ಸಾಲ ಇಲ್ಲ, ಮುಂಗಡ ಇಲ್ಲ.
ಎಲ್ಲವೂ ಜೋಡಿ: ಒಂದು ಈ ಕಡ್ಡಿಯಲ್ಲಿ ನಡೆಯುತ್ತಿದ್ದರೆ
ಬೆನ್ನಿಗಂಟಿದ ಇನ್ನೊಂದು ಆ ಕಡ್ಡಿಯಲ್ಲಿ.

ಹಿಡಿ, ನಡೆ, ಬಿಡು.
ನಾನು ಬರೆದದ್ದು ಮೂರೇ ಮಾತು.
ಮಿಕ್ಕದ್ದು ನೀರಿನ ನಡುಕ.

ನಡುಕಕ್ಕೂ ಒಂದು ಬೀಜಸಂಖ್ಯೆ ಕೊಡಬೇಕು.
ಉಮ್ಮನ ಬೀಡಿ ಪಾಸ್‌ಬುಕ್ಕಿನ ನಂಬರು ಕೊಟ್ಟೆ,
ನಾಲ್ಕು ಒಂದು ಏಳು ಮೂರು.
ಬ್ರಾಂಚಿನ ಜಗಲಿಯಲ್ಲಿ ಅದನ್ನು ಕೂಗಿದರೆ
ಲಂಗ ಕೊಡವಿ ಎದ್ದು ನಿಲ್ಲುತ್ತಿದ್ದವಳು ನಾನೇ.

ಹತ್ತೊಂಬತ್ತು ರಾತ್ರಿ ಓಡಿಸಿದೆ.
ಕೊಣಾಜೆಯ ಗುಡ್ಡದಲ್ಲಿ ಸರ್ವರಿನ ಬಿಸಿ ಉಸಿರು,
ಕೊನೆಯ ಬಸ್ಸು ತಪ್ಪಿದರೆ ಮೇಜೇ ದಿಂಬು.
ಬಂದದ್ದು ಬರೀ ಸುಳಿ.
ಅಳಿವೆಬಾಗಿಲಿನ ನೀರಿನಂತೆ
ಕಡ್ಡಿಗಳು ಒಂದರ ಹಿಂದೆ ಒಂದು
ಸುತ್ತುತ್ತವೆ, ಸುತ್ತುತ್ತವೆ, ಎಲ್ಲಿಗೂ ಮುಟ್ಟುವುದಿಲ್ಲ.
ನನಗೆ ಬೇಕಿದ್ದದ್ದು ನಕ್ಷತ್ರ,
ಜೀವಕೋಶ ಎರಡಾಗುವ ಮೊದಲು ಮೂಡುವಂಥದ್ದು,
ಎಲ್ಲ ಕಡ್ಡಿಯ ತುದಿ ಒಂದೇ ಕಡೆಗೆ.
ಮೋಟಾರು ಹೆಚ್ಚಿಸಿ ನೋಡು, ಎಂದರು ಲಸ್ರಾದೊ ಸರ್.
ಹೆಚ್ಚಿಸಿದೆ. ಸುಳಿ ಜೋರಾಯಿತು.

ಆದಿತ್ಯವಾರ ಲ್ಯಾಪ್‌ಟಾಪು ಮನೆಗೆ ತಂದೆ.
ಉಮ್ಮ ಎಲೆ ಕತ್ತರಿಸುತ್ತಾ ಇಣುಕಿದಳು.
ಎಂತ ಇದು ಮಿಸ್ರಿಯಾ,
ಬಲೆಯಿಂದ ಕೊಡವಿದ ಬೊಳಂಜಿರಾ?
ಇದು ನಿನ್ನ ಒಳಗೂ ಉಂಟು, ಎಂದೆ,
ಈಗ, ಆ ಕತ್ತರಿಯ ಬೆರಳಲ್ಲಿ.
ಬೆರಳು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ತಂಬಾಕು.
ಇಷ್ಟು ಜನ ಕೆಲಸಕ್ಕಿದ್ದೂ
ಇದು ಇಷ್ಟು ನೋಯುವುದಾ?

ಮತ್ತೆ ಕೇಳಿದಳು, ಸ್ವಲ್ಪ ಹೊತ್ತು ಬಿಟ್ಟು:
ತುದಿ ಮುಟ್ಟಿದವರು ಎಂತ ಮಾಡುತ್ತಾರೆ?
ಬಿಟ್ಟು ಬೀಳುತ್ತಾರೆ.
ಕೂಡಲೇ?
ಕೂಡಲೇ.
ಹಾಗಾದರೆ ಗುಂಪು ಆಗುವುದು ಹೇಗೆ ಮಾರಾಯ್ತಿ,
ಬ್ರಾಂಚಿನಲ್ಲಿ ಕಟ್ಟು ಒಪ್ಪಿಸಿದವರೆಲ್ಲ
ಸೀದಾ ಮನೆಗೆ ಹೋಗಿದ್ದರೆ
ನನಗೆ ಕುಲ್ಸುಮಾ ಸಿಗುತ್ತಿದ್ದಳಾ?

ಕುಲ್ಸುಮಾಳ ಮಗಳ ಸೈಕಲ್ಲಿನಲ್ಲೇ
ನಾನು ಹೈಸ್ಕೂಲು ಮುಗಿಸಿದ್ದು.

ಕೋಡಿನ ಇನ್ನೂರ ಹನ್ನೆರಡನೆಯ ಸಾಲು.
ತುದಿಯಲ್ಲಿ ಬಿಡುವ ದರ: ಸೆಕೆಂಡಿಗೆ ಐವತ್ತು.
ಯಾವತ್ತೋ ಯಾರನ್ನೋ ನೋಡಿ ಬರೆದದ್ದು,
ಮತ್ತೆ ಅದರ ಕಡೆ ತಿರುಗಿರಲಿಲ್ಲ.
ಅಳಿಸಿ ಸೊನ್ನೆ ದಶಾಂಶ ಐದು ಬರೆದೆ.

ಕರೆಂಟು ಒಮ್ಮೆ ಹೋಗಿ ಬಂತು.
ಉಮ್ಮ ಇಪ್ಪತ್ತೈದರ ಕಟ್ಟು ಎಣಿಸುತ್ತಾ
ಹದಿನೇಳಕ್ಕೆ ನಿದ್ದೆ ಹೋದಳು, ನೂಲು ಕಾಲ್ಬೆರಳಿಗೆ ಸುತ್ತಿಕೊಂಡಿತ್ತು.
ಎರಡು ಗಂಟೆಗೆ ಎರಡು ಕಡ್ಡಿ ತುದಿ ಕೂಡಿಸಿದವು,
ಜಗಳಕ್ಕೆ ನಿಂತವರ ಹಾಗೆ.
ಮೂರನೆಯದು ಬಂತು. ನಾಲ್ಕು. ಆಮೇಲೆ ಎಣಿಸಲಾಗಲಿಲ್ಲ.
ತುದಿಗೆ ಬಂದ ಮೋಟಾರು ಇಳಿಯದೆ ನಿಂತಿದೆ,
ನಿಂತಷ್ಟು ಹೊತ್ತು ಇನ್ನೊಂದನ್ನು ಎಳೆಯುತ್ತಿದೆ.
ಮೂರು ನಕ್ಷತ್ರ. ಒಂದು ಸೊಟ್ಟ.

ಎಬ್ಬಿಸಲಿಲ್ಲ. ಮತ್ತೊಮ್ಮೆ ಓಡಿಸಿದೆ.
ಅದೇ ಬೀಜ, ಅದೇ ನಡುಕ,
ಸೊಟ್ಟದ್ದೂ ಅದೇ ಜಾಗದಲ್ಲಿ ಸೊಟ್ಟ.

ಈ ಸಂಖ್ಯೆ ಎಲ್ಲಿಂದ ಬಂತು?
ಸೋಮವಾರ ಸರ್ ಕೇಳಿದರು.
ಇನ್ನೂ ಅಳೆದು ನೋಡಬೇಕು ಸರ್, ಎಂದೆ.
ಅದೂ ಸುಳ್ಳಲ್ಲ.

ಸಂಜೆಯ ಬಸ್ಸು. ಬಾಗಿಲಲ್ಲಿ ಜೋತವರು
ಒಬ್ಬರೂ ಒಳಗೆ ಸರಿಯುವುದಿಲ್ಲ.
ಕಂಡಕ್ಟರು ಗಂಟಲು ಹರಿದುಕೊಳ್ಳುತ್ತಾನೆ,
ಪಿರ ಪೋಲೆ, ಪಿರ ಪೋಲೆ,
ಹಿಂದೆ ಫುಟ್‌ಬಾಲ್ ಆಡುವಷ್ಟು ಜಾಗ ಉಂಟು!

ನಾನು ಮೆಟ್ಟಿಲಲ್ಲೇ ನಿಂತೆ.